ಹಿಕ್ಕಿಗೂ ಲಗೇಜ್ ಟಿಕೀಟು

ನಾ ಕಳ್ಳಿ ಅಲ್ರಿ. ಮೊದಲ ಅದೊಂದು ಹೇಳಿಬಿಡ್ತೇನಿ, ಉಳಿದದ್ದೆಲ್ಲಾ ಆಮ್ಯಾಲ. ಬನಶಂಕರಿಯಿಂದ ಬಾದಾಮಿ ಮ್ಯಾಲ ಹಾಯ್ದು ಬಾಗಲಕೋಟಿಗೆ ಹೋಗೋ ಕೆಂಪು ಬಸ್ಸಿನ ಕಂಡಕ್ಟರ್ ಮಾದೇವಿ ಅಂದ್ರ ನಾನ. ಮಂದಿ ಸೀಟಿನ ಕೆಳಗ ಮರತು ಹೋದ ಕೊಡಿ, ಬುತ್ತಿ ಡಬ್ಬಿ, ಒಮ್ಮೆ ಒಬ್ಬ ಮುತ್ಯಾನ ಹಲ್ಲಿನ ಸೆಟ್ ಸುದ್ದಾ ಹುಡುಕ್ಯಾಡಿ ಅವರವರ ಮನಿಗೆ ಮುಟ್ಟಿಸೇನಿ. ಅಂಥಾಕಿಗೆ ಊರ ಮುಂದ ನಿಂದರಿಸಿ "ಸೀರಿ ಕಳ್ಳಿ" ಅಂದ್ರ ಹ್ಯಾಂಗಾಗಬ್ಯಾಡ ನೀವ ಹೇಳ್ರಿ. ನನಗಂತೂ ಮೈಯೆಲ್ಲಾ ಖಾರ ಹಚ್ಚಿದಂಗ ಆತು.

ಅಂದಾಕಿ ಹೊರಗಿನಾಕಿ ಆಗಿದ್ರ "ಹೋಗ ನಿನ್ನ ಬಾಯಾಗ ಮಣ್ಣ ಹಾಕ" ಅಂದು ಸುಮ್ಮಾಗ್ತಿದ್ದೆ. ಅಂದಾಕಿ ರಂಗವ್ವ. ಚೊಳಚಗುಡ್ಡದಾಗ ನಮ್ಮ ಮನಿ ಅಕಿ ಮನಿ ನಡುವ ಮೊಣಕಾಲುದ್ದದ ಒಂದು ಗ್ವಾಡಿ ಐತಿ, ಅದನ್ನ ನಾವು ಕುಂದ್ರಾಕ ಕಟ್ಟಿಸೇವಿ ಅಂತ ಮಂದಿ ನಗ್ತಾರ. ಅವರದು ಕುರಿ ಮನಿತನ, ಬೀರಪ್ಪನ ಒಕ್ಕಲು. ನಮ್ಮದು ಹೊಲಾ ಮತ್ತ ನೌಕರಿ. ದಿನಾ ಡ್ಯೂಟಿ ಮುಗಿಸಿ ಬಂದು ಆ ಗ್ವಾಡಿ ಮ್ಯಾಲ ಅಕಿ ಬಾಜೂ ಕುಂತು ಬಸ್ಸಿನ ಸುದ್ದಿ ಹೇಳಲಿಲ್ಲ ಅಂದ್ರ ನನಗ ಉಂಡ ಅನ್ನ ಕರಗ್ತಿದ್ದಿಲ್ಲ.

ನನಗೊಂದು ಕೆಟ್ಟ ಚಟಾ ಐತ್ರಿ. ನಗು ಬಂತಂದ್ರ ಬಾಜೂ ಕುಂತವರ ರಟ್ಟಿ ಚೂಟ್ತೇನಿ. ಬೇಕಂತ ಅಲ್ಲ, ಕೈ ತಾನ ಹೋಗ್ತೈತಿ. ನನ್ನ ಗಂಡ ಯಮನಪ್ಪ ನಾ ನಗಾಕ ಬಾಯಿ ತೆಗಿಯೂದ್ರಾಗ ಎದ್ದು ಅಂಗಳಕ್ಕ ಓಡ್ತಾನ. ರಂಗವ್ವ ಒಬ್ಬಾಕಿನ "ಚೂಟ ತಾಯಿ, ನನ್ನ ತೊಗಲು ಟಗರಿನ ತೊಗಲು" ಅಂತ ರಟ್ಟಿ ಮುಂದ ಮಾಡ್ತಿದ್ಳು.

ಹೋದ ವರ್ಷ ಇಬ್ಬರೂ ಕೂಡಿ ಇಳಕಲ್ಲಿಗೆ ಹೋಗಿದ್ವಿ. ಹುನಗುಂದದಾಗ ಬಸ್ಸು ಪಂಕ್ಚರ್ ಆಗಿ ನಿಂತಾಗ ಗಿರಮಿಟ್ ತಿನ್ಕೋತ, ಬ್ಯಾರೆ ಕಂಡಕ್ಟರಗ ಬುದ್ಧಿ ಹೇಳ್ಕೋತ ಹೋದ್ವಿ. ಅಲ್ಲೆ ಅಮರೇಶ ಅನ್ನೋ ನೇಕಾರನ ಮನ್ಯಾಗ, ಒಂದ ಮಗ್ಗದಿಂದ ಇಳದ ಎರಡು ಸೀರಿ ತಗೊಂಡ್ವಿ. ನವಿಲಿನ ಕೊಳ್ಳಿನ ಬಣ್ಣದ ಹತ್ತಿ ನೂಲಿನ ಮೈ, ಕೆಂಪು ರೇಷ್ಮಿ ಸೆರಗು. ಎರಡೂ ಹೊಂದಿಸಿ ಇಟ್ರ ಹಡದವ್ವಗೂ ಗುರುತು ಸಿಗೂದಿಲ್ಲ, ಅಷ್ಟು ಒಂದ ನಮೂನಿ.

ತಪ್ಪಾಗಿದ್ದು ಅಲ್ಲೇ. ದಸರಾ ಆದಮ್ಯಾಲ ರಂಗವ್ವ ತನ್ನ ಸೀರಿಗೆ ಗಂಜಿ ಹಾಕಿ ಹಟ್ಟಿ ಬೇಲಿ ಮ್ಯಾಲ ಒಣಾಕ ಹಾಕಿದ್ಳು. ಮರುದಿನ ಮುಂಜಾನೆ ಸೀರಿ ಇಲ್ಲ. ಅವತ್ತ ಅಮಾಸಿ, ನನಗ ರಜಾ. ನಾ ನನ್ನ ಸೀರಿ ಉಟ್ಟು ಬನಶಂಕರಿಗೆ ಹೊಂಟಿದ್ದೆ. ಅಕಿ ನನ್ನ ಮ್ಯಾಲಿಂದ ಕೆಳಗ ನೋಡಿ, "ಮಾದಿ, ಮಗಳ ಲಗ್ನಕ್ಕ ಇಡ್ತೇನಿ, ಅಲ್ಲೀತನಕ ಉಡೂದಿಲ್ಲ ಅಂದಿದ್ದಿಯಲ್ಲ?" ಅಂದ್ಳು.

"ಮನಸ್ಸಾತು, ಉಟ್ಟೆ" ಅಂದೆ.

"ನಂದು ಬೇಲಿ ಮ್ಯಾಲಿಂದ ಹೋಗೇತಿ."

"ಹೋದ್ರ ನಾ ಏನ ಮಾಡ್ಲಿ?"

ಅಕಿ ನನ್ನ ಸೆರಗು ಹಿಡದು ಮೂಸಿ ನೋಡಿದ್ಳು ನೋಡ್ರಿ! ಅಯ್ಯ ಶಿವನ, ಪೊಲೀಸ್ ನಾಯಿ ಮೂಸಿದಂಗ. ನಾ ಬೈದೆ, ಅಕಿ ಬೈದ್ಳು, ಮಂದಿ ಕೂಡಿತು. ಕಡೀಕ ಬೀರಪ್ಪನ ಗುಡಿ ಕಟ್ಟಿಗೆ ಕರಕೊಂಡು ಹೋಗಿ, "ಭಂಡಾರ ಮುಟ್ಟಿ ಆಣಿ ಮಾಡು" ಅಂದ್ಳು. ಅವರಲ್ಲಿ ಭಂಡಾರದ ಆಣಿ ಅಂದ್ರ ಕಡೀ ಆಣಿ, ಸುಳ್ಳ ಹೇಳಿದವರು ಉದ್ಧಾರ ಆಗೂದಿಲ್ಲ ಅಂತಾರ. ನಾ ಹಿಡಿ ಭಂಡಾರ ತಗೊಂಡು ಹಣಿ, ಗಲ್ಲ, ಕೊಳ್ಳು ಎಲ್ಲಾ ಬಡಕೊಂಡು, "ನಾ ಮುಟ್ಟಿಲ್ಲೋ ಬೀರಪ್ಪ, ಖರೆ ಏನೈತೋ ನೀನ ಹೊರಗ ಹಾಕು" ಅಂತ ಒದರಿದೆ. ಹಂಗ ಅರಿಷಿಣ ಬಡಕೊಂಡ ಮಾರೀಲೆ ಬನಶಂಕರಿಗೆ ಹೋಗಿ ಬಂದೆ. ಅವತ್ತಿನಿಂದ ಅಕಿ ಕೂಡ ಮಾತು ಬಂದ್.

ಊರ ಮಂದಿ ಬಾಯಿಗೆ ಬೀಗ ಯಾರು ಹಾಕ್ಯಾರು? ಬಸ್ಸಿನ್ಯಾಗ ಹೆಂಗಸರು ನನ್ನ ಕಂಡ ಕೂಡ್ಲೆ ಸೆರಗು ಬಿಗಿ ಮಾಡಾಕ ಹತ್ತಿದ್ರು. ನನಗ ಸಿಟ್ಟು ಬರ್ತಿತ್ತು, ಅಳೂನೂ ಬರ್ತಿತ್ತು. ಅದಕ್ಕಿಂತ ಹೆಚ್ಚು, ಸಂಜೀಕ ಆ ಗ್ವಾಡಿ ಖಾಲಿ ಕಂಡ್ರ ಎದಿ ಒಳಗ ಏನೋ ಕಿತ್ತಂಗ ಆಗ್ತಿತ್ತು. ನಗು ಬಂದ್ರ ಚೂಟಾಕ ರಟ್ಟಿ ಇಲ್ಲ. ಒಂದಿನ ಹಂಗ ನಗು ಬಂದು ದಿಂಬಾ ಚೂಟಿದೆ, ಯಮನಪ್ಪ ನೋಡಿ "ಪಾಪ ದಿಂಬಾ" ಅಂದ.

ಇನ್ನ ರಂಗವ್ವನ ಆಟ ಕೇಳ್ರಿ. ಹೆಂಗಸರಿಗೆ ಈಗ ಬಸ್ಸು ಪುಕ್ಕಟ, ಆದ್ರೂ ಸೊನ್ನಿ ಟಿಕೀಟು ಹರದು ಕೊಡಬೇಕು, ಕೊಡಾಕ "ಎಲ್ಲಿಗೆ?" ಅಂತ ಕೇಳಬೇಕು. ಅಕಿ ದಿನಾ ನನ್ನ ಬಸ್ಸ ಹತ್ತಾಕ ಚಾಲೂ ಮಾಡಿದ್ಳು. ನಾ "ಎಲ್ಲಿಗೆ?" ಅಂತಿದ್ದೆ. ಅಕಿ "ಬಾದಾಮಿ" ಅಂತಿದ್ಳು. ಬಾದಾಮ್ಯಾಗ ಇಳದು, ಯಾವ ಕೆಲಸಾನೂ ಇಲ್ಲದ ಸ್ಟ್ಯಾಂಡಿನ್ಯಾಗ ಕುಂತು, ನಾ ತಿರುಗಿ ಬರೋ ಹೊತ್ತಿಗೆ ಮತ್ತ ಹತ್ತಿ "ಚೊಳಚಗುಡ್ಡ" ಅಂತಿದ್ಳು. ನನ್ನ ಬಾಯಿಂದ ಒಂದು ಮಾತು ಕೇಳಾಕ ಬರ್ತಾಳ ಅಂತ ನನಗ ತಿಳೀತಿತ್ತು. ಆದ್ರ ಡ್ಯೂಟಿ ಮಾತು ಮಾತಲ್ಲ. ನಾನೂ ಮಾದೇವಿ, ಸೊನ್ನಿ ಟಿಕೀಟು ಹರದು ಕೈಯಾಗ ಒಗದು ಮುಂದ ಹೋಗ್ತಿದ್ದೆ.

ಅಕಿ ಮಗ ನಿಂಗರಾಜನ ಕೂಡ ಮಾತ್ರ ನಾ ಮಾತು ಬಿಟ್ಟಿದ್ದಿಲ್ಲ. ನಮ್ಮ ಕಣ್ಮುಂದ ಬೆಳೆದ ಹುಡುಗ, ನನಗ ಚಿಗವ್ವ ಅಂತಾನ. ಬಾಗಲಕೋಟಿ ಕಾಲೇಜಿನ್ಯಾಗ ಪಿಎಚ್‌ಡಿ ಮಾಡಾಕತ್ಯಾನ. ಯಾತರ ಮ್ಯಾಲ ಮಾಡ್ತಾನ ಅಂದ್ರಿ? ಕುರಿ ಹಿಕ್ಕಿ ಮ್ಯಾಲ. ಸುಳ್ಳಲ್ಲ, ನಿಮ್ಮಾಣಿ. ವಾರಕ್ಕೊಂದು ಚೀಲ ಹಿಕ್ಕಿ ಹೊತ್ತು ನನ್ನ ಬಸ್ಸ ಹತ್ತತಾನ. ನಾ ಕಾಯಿದೆ ಪ್ರಕಾರ ಹಿಕ್ಕಿಗೂ ಲಗೇಜ್ ಟಿಕೀಟು ಹರೀತೇನಿ. ಒಮ್ಮೆ ಕೆರೂರ ಹತ್ರ ಡ್ರೈವರ್ ಬ್ರೇಕ್ ಹೊಡದಾಗ ಚೀಲದ ಬಾಯಿ ಬಿಚ್ಚಿ ಹಿಕ್ಕಿಯೆಲ್ಲಾ ಸೀಟಿನ ಕೆಳಗ ಉರುಳಿ, ಒಬ್ಬ ಮಾಸ್ತರು ನೇರಳೆಹಣ್ಣು ಅಂತ ಆರಿಸಿ ಕೈಯಾಗ ಹಿಡಕೊಂಡು ಕುಂತಿದ್ರು.

"ಇದರಾಗ ಏನೈತೋ ನಿಂಗ್ಯಾ?" ಅಂತ ಕೇಳಿದ್ದೆ.

"ಚಿಗವ್ವಾ, ಇದನ್ನ ಗಾಳಿ ಆಡಲಾರದಂಗ ಮುಚ್ಚಿ, ಕಾಸ್ಟಿಕ್ ಸೋಡಾ ಕೂಡ ಸುಟ್ರ ಇದ್ಲಿ ಆಕ್ಕೈತಿ. ನಾವು ಕಾರ್ಬನ್ ಅಂತೀವಿ. ಆ ಇದ್ಲಿ ತುಂಬ ಕಣ್ಣಿಗೆ ಕಾಣದಂಥ ತೂತು ಇರ್ತಾವ. ಆ ತೂತಿನ್ಯಾಗ ಕರೆಂಟ್ ಕುಂದರ್ತೈತಿ."

"ಕುಂದ್ರಾಕ ಅದೇನು ನನ್ನ ಪ್ಯಾಸೆಂಜರೇನು?"

"ಬರೋಬ್ಬರಿ ಅಂದಿ ನೋಡು! ಸಣ್ಣ ತೂತು ಅಂದ್ರ ಸೀಟು. ದೊಡ್ಡ ತೂತು ಅಂದ್ರ ಬಾಗಲಾ, ನಡುವಿನ ದಾರಿ. ಬರೇ ಸೀಟ ಇದ್ದು ದಾರಿ ಇಲ್ಲ ಅಂದ್ರ ಯಾರೂ ಒಳಗ ಹೋಗಂಗಿಲ್ಲ. ಬರೇ ದಾರಿ ಇದ್ದು ಸೀಟ ಇಲ್ಲ ಅಂದ್ರ ಯಾರೂ ನಿಂದರಂಗಿಲ್ಲ."

"ಹಂಗಾರ ಬಾಗಲದಾಗ ನಿಂತವರಿಗೆ ಒಳಗ ಸರೀರಿ ಅಂತ ಒದರಬೇಕು."

"ಅದ ನನ್ನ ಇಡೀ ಪಿಎಚ್‌ಡಿ, ಚಿಗವ್ವಾ."

ಆ ಕರಿ ಪುಡಿ ಅರದು ಬಟ್ಟಿ ಪಟ್ಟಿ ಮ್ಯಾಲ ಬಳದು, ಬಟ್ಟಿ ಹಂಗ ಮಡಚೋ ಬ್ಯಾಟರಿ ಮಾಡ್ತಾನ. ಖರೆ ಹೆಸರು ಬ್ಯಾರೆ ಐತಿ, ಸೂಪರ್ ಅಂತ ಚಾಲೂ ಆಕ್ಕೈತಿ, ಮುಂದಿಂದು ನನ್ನ ನಾಲಗಿ ಮ್ಯಾಲ ನಿಂದರಂಗಿಲ್ಲ. ಅಂಗಿ ತೋಳಿನ್ಯಾಗ ಹೊಲದುಕೊಂಡು ಫೋನ್ ಚಾರ್ಜ್ ಮಾಡಬಹುದಂತ ಮುಂದೊಂದಿನ. ಅವನ ಪುಡಿ ಸುಮಾರಾಗಿ ನಡೀತಿತ್ತು. ಆದ್ರ ಒಂದ ಒಂದು ಚೀಲ, ಸೀರಿ ಕಳದ ವಾರ ಒಯ್ದದ್ದು, ಅದರ ಪುಡಿ ಮಾತ್ರ ಎಲ್ಲಾದಕ್ಕಿಂತ ದುಪ್ಪಟ್ಟು ಕರೆಂಟ್ ಹಿಡೀತಂತ. ಹುಡುಗ ಕುಣದಾಡಿದ. ಮುಂದಿನ ಚೀಲ ಸುಟ್ಟ, ಬರಲಿಲ್ಲ. ಮತ್ತೊಂದು, ಬರಲಿಲ್ಲ. ಅವನ ಗುರು ವಿದ್ಯಾ ಮೇಡಂ ಖಡಕ್ಕಾಗಿ ಹೇಳಿದ್ರಂತ, ಒಮ್ಮೆ ಬಂದ್ರ ಅದೃಷ್ಟ, ಎರಡ ಸಲ ಬಂದ್ರ ವಿಜ್ಞಾನ. ಹೊರಗಿಂದ ದೊಡ್ಡ ಸಾಹೇಬ್ರು ನೋಡಾಕ ಬರೂದ್ರಾಗ ಎರಡನೇ ಸಲ ಮಾಡಿ ತೋರಿಸು, ಇಲ್ಲಂದ್ರ ಹೊಸಾ ವಿಷಯ ಹಿಡಿ.

ಹುಡುಗ ಸೊರಗಿ ಕಡ್ಡಿ ಆದ. ಕುರಿ ಯಾವ ಹೊಲದಾಗ ಮೇದ್ವು, ಯಾವ ಹಳ್ಳದ ನೀರು ಕುಡದ್ವು ಎಲ್ಲಾ ಹುಡುಕಿದ. ಒಂದಿನ ನನ್ನ ಸೀಟಿನ ಬಾಜೂ ಕುಂತು, ಡಬ್ಬ್ಯಾಗ ಇಟ್ಟಿದ್ದ ಆ ಹಳೇ ಚೀಲದ ನಾಲ್ಕ ಹಿಕ್ಕಿ ತಗದು, ಸೂಜೀಲೆ ಬಿಡಸಾಕ ಹತ್ತಿದ. ಪುಡಿ ನೋಡಿ ಸಾಕಾಗಿ, ಇಡೀ ಹಿಕ್ಕಿನ ಬಿಡಿಸಿ ನೋಡೂಣಂತ ಕುಂತಿದ್ದ. ಹಿಂದಿನ ಸೀಟಿನ್ಯಾಗ ರಂಗವ್ವ ಇದ್ದಳು, ದಿನದಂಗ "ಬಾದಾಮಿ".

"ಚಿಗವ್ವಾ, ಇದೇನಿದು?" ಅಂದ.

ಹಿಕ್ಕಿ ಒಳಗಿಂದ ಒಂದು ಎಳಿ ಬಂತು. ಕೆಂಪಂದು. ಸೂಜೀಲೆ ಜಗ್ಗಿದ, ಬರ್ತಾನ ಹೋತು. ಅವ ತನ್ನ ಬಾಟ್ಲಿ ನೀರಾಗ ಅದ್ದಿ ಬೆಳಕಿಗೆ ಹಿಡದ. ಥಳಥಳ ಅಂತು. ಅಂಥಾ ಕೆಂಪು ರೇಷ್ಮಿ ನಮ್ಮ ಊರಾಗ ಎರಡ ಸೀರ್ಯಾಗ ಇತ್ತು. ಒಂದು ನನ್ನ ಟ್ರಂಕಿನ್ಯಾಗ ಐತಿ.

ನಾ ಹೊಳ್ಳಿ ನೋಡಿದೆ. ರಂಗವ್ವ ಸೀಟಿನಿಂದ ಅರ್ಧ ಎದ್ದು ನಿಂತಾಳ, ಬಾಯಿ ತಗದದ್ದು ತಗದಂಗ ಐತಿ. ಅಕಿ ಕಣ್ಣು ಎಳಿ ಮ್ಯಾಲ, ನನ್ನ ಕಣ್ಣು ಅಕಿ ಮ್ಯಾಲ. ನಾ ಶಿಳ್ಳಿ ಹೊಡದು ಬಸ್ಸ ನಿಲ್ಲಿಸಿದೆ.

"ಯಾರು ಇಳೀತಾರ್ರೀ?" ಅಂತ ಡ್ರೈವರ್ ಕೇಳಿದ.

"ಯಾರೂ ಇಳ್ಯಂಗಿಲ್ಲ. ಎಲ್ಲಾರೂ ಕೇಳ್ರಿ!" ಅಂದೆ. "ಈಕಿ ಸೀರಿ ಈಕಿ ಕುರಿ ತಿಂದಾವ. ಬೀರಪ್ಪ ಖರೆ ಹೊರಗ ಹಾಕ್ಯಾನ. ಹ್ಯಾಂಗ ಹಾಕ್ಯಾನ ನೋಡ್ರಿ, ಡಬ್ಬ್ಯಾಗ ಐತಿ!" ಮಂದಿ ಎಲ್ಲಾ ಹಿಕ್ಕಿ ನೋಡಾಕ ಮುಗಿಬಿದ್ದರು. ನಿಂಗ್ಯಾಗ ನನ್ನ ಮಾನದ ಖಬರ ಇರಲಿಲ್ಲ. "ರೇಷ್ಮಿ! ರೇಷ್ಮಿಯೊಳಗ ನೈಟ್ರೋಜನ್ ಐತಿ! ನೂಲು ಕುರಿ ಹೊಟ್ಯಾಗ ಕರಗೇತಿ, ರೇಷ್ಮಿ ಉಳದೈತಿ! ಅದಕ್ಕ ಅಷ್ಟು ಕರೆಂಟ್!" ಅಂತ ಬಸ್ಸಿನ್ಯಾಗ ಕುಣದ. ರಂಗವ್ವ ಹಿಂದಿನ ಬಾಗಲದಿಂದ ಇಳದು, ಕಾಲ್ನಡಿಗಿಲೆ ಊರಿಗೆ ಹೋದ್ಳು.

ಸಂಜೀಕ ಗ್ವಾಡಿ ಆಚೆ ನಿಂತಿದ್ಳು. ನಾ ಅಕ್ಕಿ ಆರಿಸ್ತಿದ್ದೆ. ಯಮನಪ್ಪ ಚಾ ಕುಡೀತಿದ್ದ.

"ಮಾದಿ, ನಂದು ತಪ್ಪಾತು" ಅಂದ್ಳು. "ನಿನಗ ಅನಬಾರದ್ದು ಅಂದೆ. ನನ್ನ ನಾಲಗಿ ಸೀಳಿ ಹಾಕಬೇಕು."

ನಾ ತಲಿ ಎತ್ತಲಿಲ್ಲ. ಒಳಗ ಕರಗಾಕ ಹತ್ತಿತ್ತು, ಸುಳ್ಳ ಯಾಕ ಹೇಳ್ಲಿ. ಇನ್ನ ಎರಡು ಮಾತು ಅಂದಿದ್ರ ಎದ್ದು ಹೋಗಿ ತಬ್ಬಿಕೊಳ್ಳಾಕಿ ಇದ್ದೆ. ಅಷ್ಟೊತ್ತಿಗೆ ಹಿಂದ ನಿಂತಿದ್ದ ನಿಂಗ್ಯಾ ಅವ್ವನ ಬೆನ್ನಿಗೆ ಬೆರಳಿಲೆ ತಿವಿದ. "ಅವ್ವಾ, ಅದನ್ನೂ ಕೇಳ."

"ಇನ್ನೇನ ಐತಿ ಕೇಳೂದು?" ಅಂದೆ.

ರಂಗವ್ವ ನೆಲಾ ನೋಡ್ಕೋತ ಹೇಳಿದ್ಳು. "ನಿನ್ನ ಸೀರಿ ಬೇಕಾಗೇತಿ ಮಾದಿ."

"ಯಾಕ?"

"ಟಗರಿಗೆ ತಿನಿಸಾಕ."

ಯಮನಪ್ಪನ ಮೂಗಿನ್ಯಾಗಿಂದ ಚಾ ಬಂತು. ನಾ ಅಕ್ಕಿ ಮೊರ ಅಲ್ಲೇ ಒಗದು ಎದ್ದೆ. "ಏನಂದಿ? ಸೀರಿ ಸಲುವಾಗಿ ನನ್ನ ಕಳ್ಳಿ ಮಾಡಿದಿ. ಈಗ ಖರೆ ಖರೆ ನನ್ನ ಸೀರಿ ಒಯ್ಯಾಕ ಬಂದೀಯಾ? ಅದೂ ಟಗರಿನ ಊಟಕ್ಕ? ನಾಚಿಕಿ ಅನ್ನೋದು ಎಲ್ಲ್ಯಾದ್ರೂ ಒಣಾಕ ಹಾಕೀಯೇನು, ಅದನ್ನೂ ಕುರಿ ತಿಂದಾವೇನು?"

"ಚಿಗವ್ವಾ, ಎಲ್ಲಾ ಮೊದಲಿನಂಗ ಆಗಬೇಕು" ಅಂದ ನಿಂಗ್ಯಾ. ಕಣ್ಣಾಗ ನೀರು ಆಡ್ತಿತ್ತು. "ಅದ ಮಗ್ಗದ ಸೀರಿ, ಅದ ಬೇಲಿ, ಅದ ಟಗರು. ಅಂದ್ರನ ಎರಡನೇ ಸಲ ಬಂತು ಅಂತ ಲೆಕ್ಕ. ಅಂಥಾ ಸೀರಿ ನಿನ್ನ ಹತ್ರ ಒಂದ ಐತಿ."

ಆ ಹುಡುಗನ ಮಾರಿ ನೋಡಿದೆ. ನನ್ನ ಬಸ್ಸಿನ್ಯಾಗ ಹಿಕ್ಕಿ ಚೀಲ ಹೊತ್ತು ವರ್ಷಾನಗಟ್ಲೆ ತಿರುಗ್ಯಾಡಿದ ಹುಡುಗ. ಮಂದಿ ಮೂಗು ಮುಚ್ಚಿಕೊಂಡ್ರೂ ನಕ್ಕೋತ ಕುಂದರ್ತಿದ್ದ. "ಕೊಡ್ತೇನಿ" ಅಂದೆ. "ನಿನ್ನ ಸಲುವಾಗಿ ಕೊಡ್ತೇನಿ, ಬ್ಯಾರೆ ಯಾರ ಸಲುವಾಗೂ ಅಲ್ಲ. ಆದ್ರ ನನ್ನ ಎಲ್ಲಿ ನಿಂದರಿಸಿ ಕಳ್ಳಿ ಅಂದಾರೋ ಅಲ್ಲೇ ನಿಂತು ನಾ ಕಳ್ಳಿ ಅಲ್ಲ ಅಂತ ಹೇಳಬೇಕು. ಇಡೀ ಊರಿಗೆ ಕೇಳಬೇಕು."

ರಂಗವ್ವ ಮರುದಿನ ಬೀರಪ್ಪನ ಗುಡಿ ಮೈಕ್ ಹಿಡದ್ಳು. ಹುಟ್ಟಿದಾಗಿಂದ ಮೈಕ್ ಮುಟ್ಟಿದಾಕಿ ಅಲ್ಲ, ಮುಂದ ಕುಂತ ನಾಲ್ಕ ಮಂದಿಗೆ ಹೇಳೂದನ್ನ ಹೊಲದಾಗ ಕುರಿ ಕರದಂಗ ಒದರಿದ್ಳು. "ಕೇಳ್ರೆಪೋ! ಸೀರಿ ತಿಂದಿದ್ದು ನಮ್ಮ ಸರದಾರ! ಸರದಾರ ಅಂದ್ರ ಟಗರು! ಅವನ ಕೂಡ ಉಳಿದ ಕುರಿನೂ ತಿಂದಾವ! ಮಾದೇವಿ ಬಂಗಾರದಂಥಾಕಿ! ನಾ ಬುದ್ಧಿಗೇಡಿ ಕತ್ತಿ! ಸರದಾರನ ಹಿಕ್ಕ್ಯಾಗ ಸಾಕ್ಷಿ ಐತಿ, ಬೇಕಾದವರು ಬಂದು ನೋಡ್ರಿ!" ಬನಶಂಕರಿ ಹೊಂಡದ ಕಟ್ಟಿ ಮ್ಯಾಲ ಕುಂತ ಮಂದಿಗೂ ಕೇಳಿಸ್ತಂತ. ಅರ್ಧ ಊರು ಖರೇನ ಹಿಕ್ಕಿ ನೋಡಾಕ ಹೋತು.

ನನ್ನ ಹೆಸರು ತೊಳೀತು. ಮನಸ್ಸು ಮಾತ್ರ ತೊಳೀಲಿಲ್ಲ. ಒಮ್ಮೆ ಮೂಸಿದ್ದು ಮರ್ಯಾಕ ಆಗ್ತೈತೇನ್ರಿ? ಇಷ್ಟ ವರ್ಷ ಬಾಜೂ ಕುಂತಾಕಿ ನನ್ನ ಸೆರಗು ಮೂಸಿ ನೋಡಿದ್ಳಲ್ಲ. ಮಾತ ಆಡಬಾರದು ಅಂತ ಹಟ ಹಿಡದೆ.

ಸೀರಿ ಕೊಟ್ಟೆ. ಟ್ರಂಕಿನಿಂದ ತಗದಾಗ ಒಮ್ಮೆ ಮಾರಿಗೆ ಹಚ್ಚಿಕೊಂಡೆ, ಅಷ್ಟ. ನಿಂಗ್ಯಾ ಅದನ್ನ ಬೇಲಿ ಮ್ಯಾಲ ಹಾಕಿದ. ಸರದಾರ ಬಂದ, ನೋಡಿದ, ಸೀನಿದ, ಹೋಗಿಬಿಟ್ಟ. ಮತ್ತ ಎಳಕೊಂಡು ಬಂದ್ರು, ಮತ್ತ ಹೋದ. ನನಗ ಎಷ್ಟು ಅವಮಾನ ಆತು ಅಂದ್ರ, ನನ್ನ ಸೀರಿ ಒಂದು ಟಗರಿಗೂ ಬ್ಯಾಡಾತು! ರಂಗವ್ವ ಹಣಿ ಹಣಿ ಬಡಕೊಂಡ್ಳು, ಆಮ್ಯಾಲ ಒಮ್ಮೆಲೆ ನಿಂತ್ಳು.

"ಗಂಜಿ" ಅಂದ್ಳು. "ನಾ ಗಂಜಿ ಹಾಕಿದ್ನಲ್ಲ."

"ಗಂಜಿ ಎಲ್ಲಾರೂ ಹಾಕ್ತಾರ" ಅಂತ ನಾ ಯಮನಪ್ಪಗ ಹೇಳಿದೆ, ಅಕಿಗೆ ಅಲ್ಲ.

"ಅಕ್ಕಿ ಗಂಜಿ ಅಲ್ಲ. ನಾವು ಕಂಬಳಿಗೆ ಹಾಕೂದು, ಹುಣಸಿ ಬೀಜದ ಗಂಜಿ. ಸೀರಿ ಭಾಳ ಮೆತ್ತಗಾತಲ್ಲ, ಕಂಬಳಿ ಹಂಗ ನಿಂದರ್ಲಿ ಅಂತ ಹಾಕಿದ್ದೆ."

ನೋಡ್ರಿ ಇದು! ಕಂಬಳಿ ನೇಯೋ ಮನಿತನದಾಗ ಹುಟ್ಟಿದಾಕಿ ಇಳಕಲ್ ಸೀರಿಗೂ ಕಂಬಳಿ ಉಪಚಾರ ಮಾಡ್ಯಾಳ. ಹುರದ ಹುಣಸಿ ಬೀಜದ ಗಂಜಿ, ಕುರಿಗೆ ಹಬ್ಬದ ಊಟ. ತಾನ ಬಡಿಸಿ ತಾನ ಕಳ್ಳನ ಹುಡುಕ್ಯಾಳ. "ಹಂಗಾರ ಇಷ್ಟ ದಿನ ಕಂಬಳಿ ಯಾಕ ತಿಂದಿಲ್ಲಂತ?" ಅಂತ ಯಮನಪ್ಪ ಕೇಳಿದ. "ತಮ್ಮ ಮೈಮ್ಯಾಲಿನ ಕೂದಲ ತಾವ ಹ್ಯಾಂಗ ತಿಂತಾವೋ ಅಣ್ಣಾ?" ಅಂದ್ಳು ರಂಗವ್ವ.

ಬೀಜ ಹುರದು, ಸಿಪ್ಪಿ ತಗದು, ಕುಟ್ಟಿ, ಕುದಿಸಬೇಕು. ಅಕಿ ಒಬ್ಬಾಕಿ ಕುಟ್ಟಿ ಕುಟ್ಟಿ ಬೆವತು ಹೋದ್ಳು. ನನಗ ನೋಡಾಕ ಆಗಲಿಲ್ಲ, ಇನ್ನೊಂದು ಒನಕಿ ತಗೊಂಡು ಹೋದೆ. ಮಾತಿಲ್ಲ. ಅಕಿ ಒಂದ ಪೆಟ್ಟು, ನಾ ಒಂದ ಪೆಟ್ಟು. ಗಂಜಿ ಕುದಿಯೋ ಮುಂದ ನೀರಾಗಿ ಕಂಡಿತು, ಸುಮ್ಮನಿರಾಕ ಆಗ್ಲಿಲ್ಲ. ಬಾಜೂ ಕಟ್ಟಿದ್ದ ಟಗರಿಗೆ ಹೇಳಿದೆ.

"ಸರದಾರಾ, ನಿಮ್ಮವ್ವಗ ಹೇಳು, ಗಂಜಿ ತೆಳ್ಳಗಾತು."

"ಸರದಾರಾ, ನಿಮ್ಮ ಚಿಗವ್ವಗ ಹೇಳು, ಆರಿದ ಮ್ಯಾಲ ಗಟ್ಟಿ ಆಕ್ಕೈತಿ" ಅಂದ್ಳು ಅಕಿ.

"ಸರದಾರಾ, ಅಕಿನ್ನ ಕೇಳು, ಸೀರಿ ಅಕಿದೋ ನಂದೋ?"

"ಸರದಾರಾ, ಹೇಳು, ಹಿಟ್ಟು ಇನ್ನ ಹಾಕ್ತೇನಿ, ಸಿಟ್ಟ ಆಗಬ್ಯಾಡ ಅನ್ನು."

ಟಗರು ಆಕಡೆ ಈಕಡೆ ನೋಡಿ ನೋಡಿ ಕೊಳ್ಳು ನೋಯಿಸಿಕೊಂಡಿತು. ನನಗ ನಗು ಬಂತು, ತಡಕೊಂಡೆ. ಕೈ ಒನಕಿ ಮ್ಯಾಲ ಗಟ್ಟಿ ಹಿಡದೆ.

ಗಂಜಿ ಹಾಕಿದ ಸೀರಿ ಬೇಲಿ ಮ್ಯಾಲ ಬಿತ್ತೋ ಇಲ್ಲೋ, ಸರದಾರ ಸೆರಗಿನಿಂದನ ಚಾಲೂ ಮಾಡಿದ. ಹಿಂದಿಂದ ಹಿಂಡು ಬಂತು. ನವಿಲಿನ ಕೊಳ್ಳು ಒಂದ ಕುರಿ ಬಾಯಾಗ, ದಡಿ ಮತ್ತೊಂದರ ಬಾಯಾಗ. ನಾ ನಿಂತು ನೋಡಿದೆ. ಮಗಳ ಲಗ್ನಕ್ಕ ಇಟ್ಟ ಸೀರಿ. ರಂಗವ್ವ ಬಂದು ಬಾಜೂ ನಿಂತ್ಳು, ನಡುವ ಒಂದ ಮೊಳ ಜಾಗ ಬಿಟ್ಟು. ಇಬ್ಬರೂ ಮೂಗು ಒರಸಿಕೊಂಡ್ವಿ.

ಮರುದಿನದಿಂದ ಹಿಕ್ಕಿ ಬಂತು. ನಾ ಲಗೇಜ್ ಟಿಕೀಟು ಹರದೆ, ಚೀಲ ನನ್ನ ಸೀಟಿನ ಕೆಳಗ ಇಟ್ಟುಕೊಂಡು ಬಾಗಲಕೋಟಿಗೆ ಒಯ್ದೆ. ನನ್ನ ಸೀರಿ ಅಲ್ಲೇನ್ರಿ ಮತ್ತ, ನಿಂಗ್ಯಾನ ಮ್ಯಾಲೂ ನಂಬಿಕಿ ಇಡಲಿಲ್ಲ.

ದೊಡ್ಡ ಸಾಹೇಬ್ರು ಬರೋ ದಿನ ನಿಂಗ್ಯಾ ನಮ್ಮಿಬ್ಬರನ್ನೂ ಕರದ. ಕಾಲೇಜಿನ ಹಾಲ್‌ನ್ಯಾಗ ಮುಂದಿನ ಸಾಲಿನ್ಯಾಗ ಕುಂತ್ವಿ, ನಡುವ ಒಂದು ಕುರ್ಚಿ ಖಾಲಿ ಬಿಟ್ಟು. ವಿದ್ಯಾ ಮೇಡಂ ಕಂಪ್ಯೂಟರಿನ್ಯಾಗ ಗೆರಿ ತೋರಿಸಿ, ಹೊಸಾ ಪುಡಿ ಹಳೇ ಒಳ್ಳೆ ಪುಡಿಗೆ ಬರೋಬ್ಬರಿ ಆಗೇತಿ ಅಂದ್ರು. ನಿಂಗ್ಯಾ ಕರಿ ಪಟ್ಟಿ ಒಂದು ತಗದು ಸಣ್ಣ ಕೆಂಪು ಬಲ್ಬಿಗೆ ಜೋಡಿಸಿದ. ಬಲ್ಬು ಹತ್ತಲಿಲ್ಲ.

ಅದು ನನ್ನ ಸೀರಿ ಪಟ್ಟಿ! ರಂಗವ್ವ "ಬೀರಪ್ಪಾ" ಅಂತ ಖಾಲಿ ಕುರ್ಚಿಗೆ ಸರದು ಬಂದ್ಳು, ತನಗ ಖಬರ ಇಲ್ಲದ.

ನಿಂಗ್ಯಾ ನಕ್ಕ. "ಒಂದು ಪಟ್ಟಿಗೆ ಈ ಬಲ್ಬು ಹತ್ತೂದಿಲ್ರಿ, ಅಷ್ಟು ಜೋರು ಇರೂದಿಲ್ಲ. ಎರಡು ಸಾಲಾಗಿ ಜೋಡಿಸಬೇಕು. ಮೊದಲನೇ ಸಲದ್ದು ಒಂದು ಉಳಿಸಿಕೊಂಡೇನಿ." ಅಂದು ಹಳೇ ಪಟ್ಟಿ ತಗದ. ಅದು ರಂಗವ್ವನ ಸೀರಿದು. ಅಕಿದು ಒಂದು, ನಂದು ಒಂದು, ಚೂರು ತಂತೀಲೆ ಜೋಡಿಸಿದ. ಬಲ್ಬು ಕೆಂಪಗ ಹತ್ತಿತು. ಅವ ಪಟ್ಟಿ ಬಗ್ಗಿಸಿದ, ಹತ್ತೇ ಇತ್ತು. ಸೀರಿ ನಿರಿಗಿ ಹಂಗ ಮಡಚಿದ, ಆಗಲೂ ಹತ್ತೇ ಇತ್ತು. ಮಂದಿ ಚಪ್ಪಾಳಿ ಹೊಡದರು. ನಾ ಅಕಿ ಕಡೆ ನೋಡಲಿಲ್ಲ. ನೋಡಿದ್ರ ಅತ್ತೇನು ಅಂತ ಹೆದರಿಕಿ.

ಸಾಹೇಬ್ರು ಎದ್ದು, ಇದಕ್ಕೆ ರೇಷ್ಮೆ ಹೇಗೆ ಸೇರಿತು ಅಂತ ಕೇಳಿದ್ರು. ನಿಂಗ್ಯಾ ಎಲ್ಲಾ ಹೇಳಿದ. ಬೇಲಿ, ಹುಣಸಿ ಗಂಜಿ, ಸರದಾರ, ಎರಡನೇ ಸೀರಿ, ಒಂದೂ ಬಿಡಲಿಲ್ಲ. ಸಾಹೇಬ್ರು ಕನ್ನಡಕ ತಗದು ಒರಸಿ ಮತ್ತ ಹಾಕಿಕೊಂಡರು.

"ಕೆಲಸ ಬಹಳ ಚೆನ್ನಾಗಿದೆ" ಅಂದ್ರು. "ಒಂದೇ ಒಂದು ಪ್ರಶ್ನೆ. ಮಗ್ಗದ ಕೆಳಗೆ ಬೀಳುವ ರೇಷ್ಮೆಯ ಚೂರುಗಳನ್ನು ತಂದು, ಹಿಕ್ಕೆಯ ಪುಡಿಯ ಜೊತೆ ನೇರವಾಗಿ ಬೆರೆಸಿ ಸುಟ್ಟಿದ್ದರೆ ಆಗುತ್ತಿರಲಿಲ್ಲವೇ? ಕುರಿಗೆ ಯಾಕೆ ತಿನ್ನಿಸಿದಿರಿ?"

ವಿದ್ಯಾ ಮೇಡಂ ಫ್ಯಾನ್ ನೋಡಾಕ ಹತ್ತಿದ್ರು. ನಿಂಗ್ಯಾ ಕೈಯಾಗಿನ ಪಟ್ಟಿ ಬಿಚ್ಚಿ ಮತ್ತ ಮಡಚಿದ. ಅಮರೇಶನ ಮಗ್ಗದ ಕೆಳಗ ಬುಟ್ಟಿ ತುಂಬ ಕೆಂಪು ರೇಷ್ಮಿ ಚೂರು ಬಿದ್ದಿದ್ದು ನನ್ನ ಕಣ್ಣಿಗೆ ಕಟ್ಟಿತು. ನಾವು ಸೀರಿ ತಗೊಂಡ ದಿನ ರಂಗವ್ವ ಅದರ ಮ್ಯಾಲ ಕಾಲ ಚಾಚಿ ಕುಂತಿದ್ಳು. ಗುಡ್ಡ ಅಗದು ಇಲಿ ಹಿಡದ್ರು ಅಂತಾರಲ್ಲ, ನಾವು ಇಲಿ ಹಿಡ್ಯಾಕ ನನ್ನ ಸೀರಿ ಕೊಟ್ಟು ಗುಡ್ಡ ಅಗದಿದ್ವಿ.

"ಹೌದಲಾ..." ಅಂದ್ಳು ರಂಗವ್ವ, ಸಣ್ಣ ದನೀಲೆ. "ಸುಮ್ಮನ ಕಲಸಿದ್ರ ಆಗ್ತಿತ್ತಲ್ಲ."

ಹೊಟ್ಟಿ ಬುಡದಿಂದ ನಗು ಎದ್ದಿತ್ರಿ ನನಗ. ಬಾಯಿಗೆ ಸೆರಗು ತುರುಕಿಕೊಂಡೆ, ನಿಲ್ಲಲಿಲ್ಲ. ಕಣ್ಣೀರು ಬಂತು, ನಿಲ್ಲಲಿಲ್ಲ. ಸಾಹೇಬ್ರು, ಮೇಡಂ, ಮಂದಿ ಎಲ್ಲಾ ನನ್ನ ಕಡೆ ನೋಡಾಕ ಹತ್ತಿದ್ರು. ನಾ ಹಟ ಹಿಡದಿದ್ದೆ, ಖರೆ. ಆದ್ರ ಹಟ ಹಿಡದಿದ್ದು ನಾನು, ನನ್ನ ಕೈ ಅಲ್ಲ. ಕೈ ತಾನ ಹೋಗಿ ಬಾಜೂ ಕುಂತಾಕಿ ರಟ್ಟಿ ಹಿಡದು ಗಚ್ಚಂತ ಚೂಟಿತು.

ರಂಗವ್ವ ಯವ್ವಾ ಅನ್ನಲಿಲ್ಲ. ಚೂಟಿದ ಜಾಗಾ ನೋಡಿಕೊಂಡ್ಳು, ನನ್ನ ನೋಡಿದ್ಳು. ಕಣ್ಣು ತುಂಬಿ ಗಲ್ಲದ ಮ್ಯಾಲ ಇಳೀತಿತ್ತು. ಕುಪ್ಪಸದ ತೋಳು ಮ್ಯಾಲ ಏರಿಸಿ ರಟ್ಟಿ ಇನ್ನೊಂಚೂರು ನನ್ನ ಕಡೆ ಸರಿಸಿದ್ಳು.

"ಇನ್ನೊಮ್ಮಿ ಚೂಟ, ಮಾದಿ" ಅಂದ್ಳು. "ಇನ್ನ ಸ್ವಲ್ಪ ಜೋರಾಗಿ."